ಅವ್ವನ ಜಳಕಕ್ಕೊಂದು ಜಾಗ

ಬೊಮ್ಮಸಂದ್ರದ ಬಾಡಿಗೆ ಮನೆಯ ಬಾತ್‌ರೂಮಿನ ಮೇಲೆ ನನಗಿದ್ದ ದ್ವೇಷ ಸಣ್ಣದಲ್ಲ. ಮನೆ ನೋಡಲು ಹೋದ ದಿನವೇ ಅದನ್ನು ಕಂಡು ಮುಖ ಸಿಂಡರಿಸಿದ್ದೆ. ಬಾಗಿಲು ನೂಕಿದರೆ ಕಮೋಡಿಗೆ ತಾಗಿ ಅರ್ಧಕ್ಕೇ ನಿಲ್ಲುತ್ತಿತ್ತು. ಉಸಿರು ಬಿಗಿಹಿಡಿದು, ಅಡ್ಡ ತಿರುಗಿ ಒಳಗೆ ತೂರಬೇಕು. ತೂರಿದ ಮೇಲೆ ನಿಂತರೆ ಮೊಣಕೈ ಗೀಸರಿನ ಪೈಪಿಗೆ, ಕೂತರೆ ಮೊಣಕಾಲು ಬಕೆಟ್ಟಿಗೆ. ಟೈಲ್ಸು ಗುಲಾಬಿ ಬಣ್ಣದ್ದು, ಅದರ ಮೇಲೆ ಕತ್ತು ಬಳುಕಿಸಿ ನಿಂತ ಹಂಸಗಳು. ಬಟ್ಟೆ ನೇತುಹಾಕಲು ಒಂದು ಮೊಳೆಯಿಲ್ಲ, ಸೋಪು ಇಡಲು ಒಂದು ಗೂಡಿಲ್ಲ. ಕಂಪನಿ ಬಸ್ಸು ಬೀದಿಯ ತುದಿಗೇ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಆ ಮನೆಗೆ ಒಪ್ಪಿಕೊಂಡೆ.

ನಾನು ಔಷಧ ಕಂಪನಿಯೊಂದರ ಕ್ವಾಲಿಟಿ ವಿಭಾಗದವಳು. ತಲೆಗೆ ಟೋಪಿ, ಬಾಯಿಗೆ ಬಟ್ಟೆ, ಕೈಗೆ ಗ್ಲೌಸು ಹಾಕಿಕೊಂಡು ಇಡೀ ದಿನ ಬೇರೆಯವರ ತಪ್ಪು ಹುಡುಕುವುದು ನನ್ನ ಉದ್ಯೋಗ. ಅದು ನನ್ನ ಸ್ವಭಾವಕ್ಕೂ ಒಗ್ಗಿದೆ. ಮದುವೆಯಾಗಿಲ್ಲ. ಯಾಕೆ ಎಂದು ಕೇಳುವವರಿಗೆ ಒಂದು ಉತ್ತರ ಇಟ್ಟುಕೊಂಡಿದ್ದೇನೆ, ಅದನ್ನು ಇಲ್ಲಿ ಬರೆದರೆ ಯಾರೂ ಅಚ್ಚು ಹಾಕುವುದಿಲ್ಲ.

ಮನೆಯ ಒಡತಿ ಕೆಳಗಿನ ಅಂತಸ್ತಿನಲ್ಲೇ ಇದ್ದರು. ಫ್ಯಾಕ್ಟರಿಗಳು ಬರುವ ಮೊದಲು ಆ ಊರಿನಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನ. ಈಗ ರಾಗಿಯ ಜಾಗದಲ್ಲಿ ನಮ್ಮಂಥವರನ್ನು ಬೆಳೆಯುತ್ತಾರೆ. ಅರವತ್ತು ದಾಟಿದ ಹೆಂಗಸು, ಸೊಂಟದಲ್ಲಿ ಬೀಗದ ಕೈ ಗೊಂಚಲು, ಬಾಯಲ್ಲಿ ಎಲೆಅಡಿಕೆ. ಮನೆ ಕೊಡುವಾಗಲೇ ಹೇಳಿಬಿಟ್ಟಿದ್ದರು.

"ನೋಡಮ್ಮಾ, ಗ್ವಾಡೆಗೆ ಮೊಳೆ ಒಡೆಯಂಗಿಲ್ಲ. ಬಾತ್‌ರೂಮ್‌ನಾಗಂತೂ ಡ್ರಿಲ್ಲು ಗಿಲ್ಲು ಅಂತ ಬಂದ್ರೆ ಅವತ್ತೇ ಮನೆ ಖಾಲಿ ಮಾಡ್ಬೇಕು."

"ಬಟ್ಟೆ ಎಲ್ಲಿ ಹಾಕ್ಲಿ ಆಂಟಿ?"

"ಬಾಗ್ಲು ಮ್ಯಾಲೆ ಆಕ್ಕೋ. ನಾವೆಲ್ಲಾ ಆಕ್ಕೊಂಡೇ ಬಂದಿದ್ದೀವಿ."

ಆಗ ಸುಮ್ಮನಾದೆ. ಒಬ್ಬಳೇ ಇರುವಾಗ ಬಾಗಿಲ ಮೇಲೂ ನಡೆಯುತ್ತದೆ, ನೆಲದ ಮೇಲೂ ನಡೆಯುತ್ತದೆ. ಹಂಸಗಳನ್ನು ಬೈದುಕೊಂಡು ಮಿಂದು ಕೆಲಸಕ್ಕೆ ಹೋಗುತ್ತಿದ್ದೆ.

ಅಷ್ಟರಲ್ಲಿ ಊರಿನಿಂದ ಅವ್ವನ ಫೋನು ಬಂತು. ರಾಣೆಬೆನ್ನೂರಿನಲ್ಲಿ ಅಣ್ಣನ ಮನೆಯಲ್ಲಿದ್ದಳು. ಮೊಣಕಾಲಿನ ಆಪರೇಷನ್ ಆಗಿ, ಕೋಲು ಹಿಡಿದು ಓಡಾಡುವಷ್ಟು ಸುಧಾರಿಸಿದ್ದಳು. ನನ್ನ ಹತ್ತಿರ ಬಂದಿರು ಎಂದು ಎಷ್ಟೋ ವರ್ಷಗಳಿಂದ ಗೋಗರೆಯುತ್ತಿದ್ದೆ. ಪ್ರತಿ ಸಲವೂ "ಮಗಳ ಮನ್ಯಾಗ ಇರಬಾರದವ್ವಾ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಅಳಿಯನೇ ಇಲ್ಲದಿದ್ದರೂ ಅದು ಮಗಳ ಮನೆಯೇ ಎನ್ನುವವರ ಪೈಕಿ ಅವಳು. ಈ ಸಲ ತಾನಾಗಿಯೇ "ನಿನ್ನ ಹತ್ರ ಬರತೀನಿ" ಎಂದಳು. ನನಗೆ ಹೇಳಲಾರದಷ್ಟು ಸಂತೋಷವಾಯಿತು.

ಫೋನನ್ನು ಅಣ್ಣ ಇಸಿದುಕೊಂಡ. "ಬರಲಿ, ನಂದೇನೂ ಅಡ್ಡಿ ಇಲ್ಲ. ಆದ್ರ ಜಳಕ ಎಲ್ಲಿ ಮಾಡತಾಳ? ನಿನ್ನ ಬಚ್ಚಲಾ ನೋಡೀನಿ ನಾ. ಅದರಾಗ ಬೆಕ್ಕು ಸೈತ ತಿರುಗೂದಿಲ್ಲ. ಮುಂದಿನ ತಿಂಗಳು ಬರತೀನಿ. ಹಸಕೊಂಡು ಕುಂತಿದ್ಲು ಅಂದ್ರ ಅವತ್ತ ಕರಕೊಂಡು ಬರತೀನಿ."

ಹಸಿವಿಗೂ ಜಳಕಕ್ಕೂ ಏನು ಸಂಬಂಧ ಎಂದು ನಮ್ಮವರಲ್ಲದವರಿಗೆ ಅನ್ನಿಸಬಹುದು. ಅವ್ವ ಕೊರಳಲ್ಲಿ ಲಿಂಗ ಕಟ್ಟಿದವಳು. ಜಳಕವಾದ ಮೇಲೆ ಹಣೆಗೆ ವಿಭೂತಿ, ವಿಭೂತಿಯಾದ ಮೇಲೆ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ, ಪೂಜೆಯಾದ ಮೇಲೆ ತುತ್ತು. ಜಳಕವಿಲ್ಲದಿದ್ದರೆ ಪೂಜೆಯಿಲ್ಲ, ಪೂಜೆಯಿಲ್ಲದಿದ್ದರೆ ಚಹಾ ಕೂಡ ಇಲ್ಲ. ಜ್ವರ ಬಂದಾಗಲೂ ಇದು ತಪ್ಪಿದ್ದಿಲ್ಲ. ಈಗ ನೋವಿನ ಮಾತ್ರೆಗಳು ಬೇರೆ, ಅವನ್ನು ಹೊಟ್ಟೆಗೇನಾದರೂ ಬಿದ್ದ ಮೇಲೆಯೇ ನುಂಗಬೇಕು. ಅಂದರೆ ಅವ್ವ ನನ್ನ ಬಳಿ ಉಳಿಯುವುದು ಬಿಡುವುದು ಆ ದರಿದ್ರ ಹಂಸಗಳ ಕೋಣೆಯಲ್ಲಿ ತೀರ್ಮಾನವಾಗಬೇಕಿತ್ತು. ಅವಳು ಉಳಿಯಬೇಕು ಎಂದು ನನಗೆ ಆಸೆಯಿತ್ತು. ಆಸೆಯೇನು, ಹಟವಿತ್ತು.

ಕೆಳಗೆ ಹೋಗಿ ಒಡತಿಯ ಮುಂದೆ ನಿಂತೆ. ಗೋಡೆಗೆ ಒಂದೇ ಒಂದು ಸ್ಟೀಲಿನ ಹಿಡಿ ಹಾಕಿಸುತ್ತೇನೆ, ವಯಸ್ಸಾದವರು ಹಿಡಿದುಕೊಂಡು ಏಳಬೇಕು ಎಂದೆ.

"ಆಗಾಕಿಲ್ಲ," ಎಂದರು.

"ಬಾಡಿಗೆದಾರರಿಗೂ ಹಕ್ಕು ಅಂತ ಇರುತ್ತೆ ಆಂಟಿ. ಕಾನೂನು ಇದೆ."

"ಕಾನೂನು ಇದ್ರೆ ಕಾನೂನ್ ಮನೇಲೇ ಇರೋಗು."

ಬಾಗಿಲು ಹಾಕಿಕೊಂಡರು. ನನ್ನ ಮೈಯೆಲ್ಲ ಉರಿದುಹೋಯಿತು. ಅವತ್ತೇ ಶಪಥ ಮಾಡಿದೆ, ಒಂದೂ ತೂತು ಕೊರೆಯದೆ ಈ ಬಾತ್‌ರೂಮನ್ನು ಅರಮನೆ ಮಾಡಿ ತೋರಿಸುತ್ತೇನೆ ಎಂದು.

ಊಟದ ಬಿಡುವಿನಲ್ಲೆಲ್ಲ ಫೋನಿನಲ್ಲಿ ವಿಡಿಯೋ ನೋಡಿದೆ. ಸಣ್ಣ ಬಾತ್‌ರೂಮನ್ನು ಚಂದ ಮಾಡುವುದು ಹೇಗೆಂದು ನಗುನಗುತ್ತ ಹೇಳಿಕೊಡುವ ಹುಡುಗಿಯರು. ಅವರು ಸಣ್ಣದು ಎನ್ನುವ ಬಾತ್‌ರೂಮಿನಲ್ಲಿ ನನ್ನ ಅಡುಗೆಮನೆ, ಮಂಚ ಎರಡೂ ಹಿಡಿಸುತ್ತಿದ್ದವು. ಬುಟ್ಟಿಯಲ್ಲಿ ಟವೆಲ್ಲು ಸುರುಳಿ ಸುತ್ತಿಡಿ ಎನ್ನುತ್ತಾರೆ, ಮೇಣದಬತ್ತಿ ಹಚ್ಚಿ ಎನ್ನುತ್ತಾರೆ. ಮೀಯುವ ಕೋಣೆಯಲ್ಲಿ ಮೇಣದಬತ್ತಿ ಯಾವ ಹೆಣಕ್ಕೆ? ಆದರೂ ಬಿಡದೆ ನೋಡಿದೆ. ನೋಡಿ ನೋಡಿ ತಂದು ಸುರಿದೆ. ಗಾಳಿ ಹೀರಿ ಅಂಟುವ ಹುಕ್ಕುಗಳು, ಅಂಟಿನ ಮೂಲೆ ಶೆಲ್ಫು, ಎರಡು ಗೋಡೆಗಳ ನಡುವೆ ಸ್ಪ್ರಿಂಗಿನ ಬಿಗಿಯಲ್ಲೇ ನಿಲ್ಲುವ ಒಂದು ಸರಳು, ಕಾಲು ಜಾರದ ರಬ್ಬರಿನ ಹಾಸು, ನಾಲ್ಕು ಕಾಲಿನ ಎತ್ತರದ ಸ್ಟೂಲು. ಆ ಹಂಸಗಳ ಮುಖದ ಮೇಲೆ ಬಿಳಿ ಸ್ಟಿಕ್ಕರ್ ಅಂಟಿಸಿದೆ. ಸರಳಿಗೆ ದಪ್ಪ ನೀಲಿ ಪರದೆ ಇಳಿಬಿಟ್ಟೆ. ಪರದೆಯ ಆಚೆ ಕಮೋಡು, ಈಚೆ ಅವ್ವನ ಜಳಕ. ಈಚಿನ ಬದಿಗೆ ಅವಳದೇ ಬಕೆಟ್ಟು, ಅವಳದೇ ತಂಬಿಗೆ, ಅವಳದೇ ಹೊಸ ಸೋಪು. ಆಚೆಯ ಗಾಳಿ ಕೂಡ ಇವಕ್ಕೆ ಸೋಕಬಾರದು. ಶೆಲ್ಫಿನ ಮೇಲೆ ಮನಿಪ್ಲಾಂಟಿನ ಒಂದು ಶೀಸೆಯನ್ನೂ ಇಟ್ಟೆ. ವಿಡಿಯೋ ಹುಡುಗಿಯರ ಚಟ ನನಗೂ ಅಂಟಿತ್ತು.

ಹುಕ್ಕುಗಳು ಮರುದಿನವೇ ಒಂದೊಂದಾಗಿ ಉದುರಿದವು. ಮತ್ತೆ ಅಂಟಿಸಿದೆ, ಮತ್ತೆ ಉದುರಿದವು. ಟೈಲ್ಸನ್ನು ಕಂಪನಿಯಲ್ಲಿ ಒರೆಸುವ ಹಾಗೆ ಸ್ಪಿರಿಟ್ ಹಾಕಿ ಒರೆಸಿ ಅಂಟಿಸಿದ ಮೇಲೆ ನಿಂತವು. ಹುಕ್ಕು ತಟ್ಟಿ ಅಂಟಿಸುವ ಸದ್ದು ಕೇಳಿ ಒಡತಿ ಮೆಟ್ಟಿಲು ಹತ್ತಿ ಬಂದರು, ಹೇಳದೆ ಕೇಳದೆ ಬಾತ್‌ರೂಮಿಗೆ ನುಗ್ಗಿ ಗೋಡೆಯನ್ನೆಲ್ಲ ಅಂಗೈಯಿಂದ ಸವರಿದರು.

"ಎಲ್ಲೂ ತೂತಿಲ್ಲ. ನೋಡ್ಕೊಳ್ಳಿ," ಎಂದೆ.

"ಇದೇನಮ್ಮಾ, ನಾಟಕದ್ ಪರದೆ ಇಳಿಬುಟ್ಟಂಗೆ ಇಳಿಬುಟ್ಟಿದ್ದೀಯಾ?" ಎಂದು ನಕ್ಕು ಇಳಿದುಹೋದರು. ಅವರ ಬೆನ್ನಿಗೆ ಏನೇನು ಅಂದುಕೊಂಡೆನೋ, ಅದೂ ಅಚ್ಚಿಗೆ ಯೋಗ್ಯವಲ್ಲ.

ಅವ್ವ ಬಂದಳು. ಒಂದು ಮಹಡಿ ಮೆಟ್ಟಿಲನ್ನು ಕಂಬಿ ಹಿಡಿದು ನಿಧಾನವಾಗಿ ಹತ್ತಿದಳು. ಕೂತು ನೀರು ಕುಡಿಯುವುದಕ್ಕೂ ಬಿಡದೆ ನಾನು ಬಾತ್‌ರೂಮಿನ ಬಾಗಿಲು ತೆರೆದು ತೋರಿಸಿದೆ. ಹೊಸ್ತಿಲಲ್ಲಿ ಕೋಲೂರಿ ನಿಂತು ಎಲ್ಲವನ್ನೂ ನೋಡಿದಳು. ಪರದೆಯನ್ನು ಕೋಲಿನ ತುದಿಯಿಂದ ಸರಿಸಿದಳು.

"ಇದರ ಹಿಂದ ಏನೈತಿ?"

"ಕಮೋಡು. ಅದು ಕಾಣಬಾರದು ಅಂತ ಪರದೆ ಹಾಕೀನವ್ವಾ. ಈ ಕಡೆ ಬರೇ ನಿನ್ನ ಜಳಕ."

"ಅರಿವಿ ಕಟ್ಟಿದ್ರ ಕಕ್ಕಸ ಎಲ್ಲಿಗೆ ಹೋಗತೈತಿ?"

ಅಷ್ಟೇ ಅಂದದ್ದು. ಮರುದಿನ ಬೆಳಿಗ್ಗೆ ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯುವ ಜಾಗದಲ್ಲಿ, ಬಟ್ಟೆ ಒದ್ದೆ ಮಾಡಿ ಮೈ ಒರೆಸಿಕೊಂಡಳು. ಪೂಜೆಯನ್ನು ಗಡಿಬಿಡಿಯಲ್ಲಿ ಮುಗಿಸಿ, ಅರ್ಧ ರೊಟ್ಟಿ ತಿಂದು ಉಳಿದದ್ದನ್ನು ಮುಚ್ಚಿಟ್ಟಳು. ಯಾಕೆ ಎಂದು ಕೇಳಿದರೆ "ದಿನಾ ಲಿಂಗಾ ಅಂಗೈ ಮ್ಯಾಲ ಕುಂದ್ರಸಿಕೊಳ್ಳೂದು. ಅರ್ಧಾ ಜಳಕ ಮಾಡಿ ಹೆಂಗ ಕುಂದ್ರಸಲಿ? ತುತ್ತು ಗಂಟಲದಾಗ ಇಳಿಯೂದಿಲ್ಲ" ಎಂದಳು. ಊರಿನಲ್ಲಿ ಅವಳ ಬಚ್ಚಲಿಗೂ ಕಕ್ಕಸಿಗೂ ನಡುವೆ ಇಡೀ ಹಿತ್ತಲಿತ್ತು, ಅದು ನನಗೆ ಗೊತ್ತು. ಆದರೆ ಬೊಮ್ಮಸಂದ್ರದಲ್ಲಿ ಹಿತ್ತಲನ್ನು ಎಲ್ಲಿಂದ ತರಲಿ?

ಜಗಳವಾಡಿದೆವು. ಎರಡು ದಿನ ನಾನು ಬೈದೆ, ಅವಳು ಬೈದಳು. ಲೋಕದ ಜನವೆಲ್ಲ ಹೀಗೇ ಮೀಯುತ್ತಾರೆ ಎಂದೆ. ಲೋಕದ ಜನ ಮೀಯಲಿ ಎಂದಳು. ಕಾಲು ಎಳೆದುಕೊಂಡು ಇಷ್ಟು ದೂರ ಬಂದದ್ದು ಯಾಕೆ ಹಾಗಾದರೆ ಎಂದು ರೇಗಿದೆ. ಅದಕ್ಕೆ ಮಾತ್ರ ಉತ್ತರ ಕೊಡಲಿಲ್ಲ, ಗೋಡೆ ಕಡೆ ತಿರುಗಿ ಮಲಗಿದಳು.

ಆಮೇಲೆ ಒಂದು ದಿನ ಕೆಲಸದಿಂದ ಬಂದಾಗ ಅವಳ ಹಣೆಯಲ್ಲಿ ವಿಭೂತಿ ಅಚ್ಚುಕಟ್ಟಾಗಿ ಮೂರು ಪಟ್ಟೆ ಬಿದ್ದಿತ್ತು. ರೊಟ್ಟಿಯ ಡಬ್ಬಿ ಖಾಲಿ. "ಜಳಕ ಆತೇನವ್ವಾ?" ಎಂದೆ. "ಆತು, ಛಲೋ ಆತು" ಎಂದಳು. ನನ್ನ ಎದೆ ಉಬ್ಬಿತು. ಒಡತಿಯ ಸೊಕ್ಕು ಮುರಿದೆ, ಅವ್ವನ ಹಟ ಮುರಿದೆ. ಬಾತ್‌ರೂಮಿನ ಫೋಟೋ ತೆಗೆದು ಅಣ್ಣನಿಗೆ ಕಳಿಸಿದೆ. ಪರದೆಯ ನೆರಿಗೆ ಸರಿಮಾಡಿ, ಮನಿಪ್ಲಾಂಟು ಕಾಣುವ ಹಾಗೆ ತೆಗೆದಿದ್ದೆ. ಅವನು ಹೆಬ್ಬೆರಳಿನ ಗುರುತು ಕಳಿಸಿದ. ಅವನಿಗೆ ಬರುವುದೇ ಅಷ್ಟು.

ಆದರೆ ತಪ್ಪು ಹುಡುಕುವವಳ ಕಣ್ಣು ಸುಮ್ಮನಿರುವುದಿಲ್ಲ. ಅವ್ವನ ಸೋಪಿನ ಮೇಲಿನ ಅಕ್ಷರಗಳು ವಾರ ಕಳೆದರೂ ಮಾಸಿರಲಿಲ್ಲ. ನಾನು ಮಿಂದ ಮೇಲೆ ಒರೆಸಿ ಹಾಸುತ್ತಿದ್ದ ರಬ್ಬರಿನ ಹಾಸಿನ ಅಡಿಯಲ್ಲಿ ತೇವವಿರಲಿಲ್ಲ. ಹಾಗೆಂದು ಅವ್ವ ಮಿಂದಿಲ್ಲ ಎನ್ನುವ ಹಾಗೂ ಇರಲಿಲ್ಲ, ಮೈ ಶುಭ್ರವಾಗಿ, ಕೂದಲು ನುಣುಪಾಗಿ, ಹತ್ತಿರ ಹೋದರೆ ಅವಳಿಂದ ಹೊಗೆಯ ವಾಸನೆ ಬರುತ್ತಿತ್ತು. ಕೇಳಿದರೆ "ಈ ಊರಾಗ ಎಲ್ಲಾರೂ ಹೊಗಿ ವಾಸನಿನ ಹೊಡಿತಾರ" ಎಂದು ಫ್ಯಾಕ್ಟರಿಗಳ ಮೇಲೆ ಹಾಕಿದಳು. ಜಳಕವಿಲ್ಲದೆ ಪೂಜೆ ಮಾಡುವವಳಲ್ಲ, ಪೂಜೆಯಿಲ್ಲದೆ ತಿನ್ನುವವಳಲ್ಲ. ಹಾಗಾದರೆ ಎಲ್ಲಿ ಮೀಯುತ್ತಿದ್ದಾಳೆ? ನನಗೆ ತಲೆ ಕೆಟ್ಟುಹೋಯಿತು.

ಅಣ್ಣ ಬರುವ ಹಿಂದಿನ ದಿನ, ಶನಿವಾರ, ಕಂಪನಿಯಲ್ಲಿ ಬಾಯ್ಲರ್ ಕೆಟ್ಟಿತು. ನಮ್ಮನ್ನು ಬೆಳಗಿನ ತಿಂಡಿಯ ಹೊತ್ತಿಗೇ ಮನೆಗೆ ಕಳಿಸಿದರು. ಮನೆಗೆ ಬಂದರೆ ಬಾಗಿಲಿಗೆ ಚಿಲಕ ಮಾತ್ರ, ಒಳಗೆ ಅವ್ವ ಇಲ್ಲ. ಅಡುಗೆಮನೆಯ ಹಿಂದಿನ ಗ್ರಿಲ್ಲಿನಿಂದ ಕೆಳಗೆ ಬಗ್ಗಿ ನೋಡಿದೆ. ಕಟ್ಟಡದ ಹಿಂದೆ, ಬಾಡಿಗೆಯವರ ಬೈಕುಗಳು ನಿಲ್ಲುವ ಜಾಗದಾಚೆ, ಹೆಂಚಿನ ಒಂದು ಕುಳ್ಳು ಕೋಣೆಯಿತ್ತು. ಹಳೆಯ ಮನೆ ಕೆಡವಿ ಕಟ್ಟಡ ಎಬ್ಬಿಸಿದಾಗ ಅದೊಂದನ್ನು ಉಳಿಸಿಕೊಂಡಿದ್ದರು. ಸೌದೆ ತುಂಬುವ ಗೂಡು ಎಂದು ನಾನು ತಿಳಿದಿದ್ದೆ. ಅದರ ಹೆಂಚಿನ ಸಂದಿಯಿಂದ ಹೊಗೆ ಏಳುತ್ತಿತ್ತು, ಒಳಗಿನಿಂದ ನೀರು ಸುರಿಯುವ ಸದ್ದಿನ ಜೊತೆಗೆ ಅವ್ವನ ನಗು ಕೇಳಿತು.

ಓಡಿದೆ. ಬಾಗಿಲು ಓರೆಯಾಗಿತ್ತು. ಒಳಗೆ ಒಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆ. ಕಲ್ಲು ಚಪ್ಪಡಿಯ ಮೇಲೆ ಎತ್ತರದ ಮರದ ಮಣೆ, ಅದರ ಮೇಲೆ ಅವ್ವ, ಒದ್ದೆ ಸೀರೆಯಲ್ಲಿ. ಪಕ್ಕದಲ್ಲಿ ಸೀರೆ ಎತ್ತಿ ಕಟ್ಟಿ, ಚೊಂಬಿನಿಂದ ಅವಳ ತಲೆಗೆ ನೀರು ಹುಯ್ಯುತ್ತ ನಿಂತಿದ್ದವರು ನಮ್ಮ ಒಡತಿ. ಅವ್ವ ಎಡಗೈಯಲ್ಲಿ ಗೋಡೆಗೆ ಬಿಗಿದ ಒಂದು ಕಬ್ಬಿಣದ ಕಂಬಿ ಹಿಡಿದಿದ್ದಳು. ನನ್ನ ಕಣ್ಣು ಮೊದಲು ಹೋದದ್ದು ಆ ಕಂಬಿಯ ಮೇಲೆ.

"ಒಂದು ಹ್ಯಾಂಡಲ್ ಹಾಕ್ಸೋಕೆ ಬಿಡ್ಲಿಲ್ಲ ನೀವು!" ಎಂದು ಕಿರುಚಿದೆ. "ನಿಮಗೆ ಮಾತ್ರ ಕಂಬಿ ಬೇಕು. ನಮ್ಮವ್ವ ಬಿದ್ದು ಸಾಯ್ಬೇಕು ಅಲ್ವಾ?"

"ಯಾಕಮ್ಮಾ ಬಡ್ಕೊಂತೀಯಾ? ಬಿದ್ದವ್ಳಾ ನಿಮ್ಮವ್ವ? ಚೆಂದಾಗಿ ಕುಂತವ್ಳೆ."

"ನನ್ನ ಬೆನ್ನ ಹಿಂದೆ ಇದೆಲ್ಲಾ ಯಾಕೆ? ನಮಗೆ ಬಾತ್‌ರೂಮ್ ಇಲ್ವಾ? ಮೇಲೆ ನಿಮ್ಮ ಗೋಡೆಗೆ ಒಂದು ತೂತು ಹಾಕೋಕೆ ಏನಾಗಿತ್ತು ನಿಮಗೆ?"

ಒಡತಿ ಚೊಂಬನ್ನು ಹಂಡೆಯ ಅಂಚಿಗೆ ಕುಕ್ಕಿದರು. "ಏನಾಗಿತ್ತು ಅಂತ ಏಳ್ತೀನಿ ಕೇಳು. ನಿನ್ ಬಾತ್‌ರೂಮ್ ಕೆಳಗೇ ನನ್ ದೇವ್ರ ಕ್ವಾಣೆ ಐತೆ. ಇಂದೆ ಇದ್ದೋರು ಡ್ರಿಲ್ ಆಕಿ ಗ್ವಾಡೆ ಒಳಗಿನ್ ಪೈಪ್ ತೂತ್ ಮಾಡುದ್ರು. ಕಕ್ಕಸ್ ನೀರು ನನ್ ದೇವ್ರ ತಲೆ ಮ್ಯಾಲೆ ತೊಟ್ಟಿಕ್ತು. ಗೊತ್ತಾಯ್ತಾ?"

"ಅದನ್ನ ಅವತ್ತೇ ಹೇಳ್ಬೋದಿತ್ತಲ್ಲ!"

"ನೀನ್ ಕೇಳ್ದ್ಯಾ? ಬಂದ್ ತಕ್ಷಣ ಕಾನೂನ್ ಮಾತಾಡ್ದೆ. ನಿಮ್ಮವ್ವ ಅಲ್ಲಿ ಗ್ರಿಲ್‌ನಾಗೆ ನಿಂತ್ಕಂಡು, ಅಕ್ಕಾ, ನಾನೂ ಒಂದ್ ಚೊಂಬು ಉಯ್ಕೊಳ್ಲಾ ಅಂತ ಕೇಳುದ್ಲು. ಬಾರಕ್ಕ ಅಂದೆ. ಅಷ್ಟೇಯಾ."

ಅಲ್ಲಿಗೆ ನಿಲ್ಲಿಸಬೇಕಿತ್ತು. ನನ್ನ ನಾಲಿಗೆ ಯಾವತ್ತು ನಿಲ್ಲಬೇಕಾದಲ್ಲಿ ನಿಂತಿದೆ? "ಬಾಡಿಗೆ ತಿಂದು ಬದುಕೋರಿಗೆ ದೇವರು ಬೇರೆ ಕೇಡು!" ಎಂದುಬಿಟ್ಟೆ. ಒಡತಿಯ ಮುಖ ಕಪ್ಪಿಟ್ಟಿತು. ಅವ್ವನ ಮೈಮೇಲಿನ ಸೋಪಿನ ನೊರೆಗೆ ಎರಡು ಚೊಂಬು ನೀರು ಹುಯ್ದು, ಕೈಕೊಟ್ಟು ಎಬ್ಬಿಸಿ, ಒಣ ಸೀರೆ ಹೊದಿಸಿ ಹೊರಗೆ ಕರೆತಂದರು. ಆಮೇಲೆ ಒಲೆಯ ಕೊಳ್ಳಿಗಳನ್ನು ಎಳೆದು ನೀರು ಸುರಿದು, ಬಾಗಿಲಿಗೆ ಬೀಗ ಜಡಿದು, ನಮ್ಮಿಬ್ಬರನ್ನೂ ನೋಡದೆ ಒಳಗೆ ಹೋದರು.

ಮೇಲೆ ಬಂದ ಅವ್ವ ವಿಭೂತಿ ಗಟ್ಟಿಯನ್ನು ಮುಟ್ಟಲಿಲ್ಲ. ಮಂಚದ ಮೇಲೆ ನೆಟ್ಟಗೆ ಕೂತಳು.

"ಪೂಜಿ ಮಾಡ್ಕೋ. ಜಳಕ ಆಗೇತಲ್ಲ," ಎಂದೆ.

"ಆಕಿ ದೇವರಿಗೆ ಯಾಕ ಬೈದಿ?"

"ನಿನಗ ಆಕಿ ಹೆಚ್ಚಾದ್ಲಾ ನಾ ಹೆಚ್ಚಾ? ನಿನ್ನ ಸಲುವಾಗಿ ಎಷ್ಟೆಲ್ಲಾ ಮಾಡೀನಿ ಇಲ್ಲಿ! ಇಷ್ಟು ದಿನ ನನ್ನ ಮುಂದ ಸುಳ್ಳ ಹೇಳಿದಿ."

"ಜಳಕ ಆತು ಅಂದೆ. ಸುಳ್ಳೇನು ಹೇಳೀನಿ? ಎಲ್ಲಿ ಅಂತ ನೀ ಕೇಳಲಿಲ್ಲ." ಕಾಲು ನೀವಿಕೊಂಡಳು. "ಆಕಿ ನೀರಾಗ ಜಳಕ ಮಾಡಿ, ಆಕಿ ದೇವರಿಗೆ ಬೈಸಿ ಬಂದು ನಾ ಹೆಂಗ ಪೂಜಿ ಮಾಡಲಿ? ನೀ ಹೋಗಿ ಮಾತು ವಾಪಸ್ ತಗೊಂಡು ಬಾ."

"ಸತ್ತರೂ ಹೋಗೂದಿಲ್ಲ."

"ಹೋಗಬ್ಯಾಡ."

ಅವ್ವ ಊಟ ಮಾಡಲಿಲ್ಲ. ನೀರು ಕುಡಿಯಲಿಲ್ಲ. ಮಾತ್ರೆ ಹಾಗೇ ಉಳಿಯಿತು. ಸಾಯಂಕಾಲದ ಹೊತ್ತಿಗೆ ಮೊಣಕಾಲು ಬಾತುಕೊಂಡಿತ್ತು. ಕೈಮುಗಿದು ಬೇಡಿದೆ, ಗದರಿದೆ. ಬಾತ್‌ರೂಮಿಗೆ ಕೈಹಿಡಿದು ಕರೆದೊಯ್ದು, ಇಗೋ ಬಿಸಿನೀರು, ಇಗೋ ಸ್ಟೂಲು, ಇಲ್ಲೇ ಇನ್ನೊಂದು ಸಲ ಮಿಂದು ಪೂಜೆ ಮಾಡು ಎಂದೆ. ಹೊಸ್ತಿಲಲ್ಲೇ ಕೋಲು ಅಡ್ಡ ಹಿಡಿದು ನಿಂತಳು. ಆಗ ನನಗೆ ಬಂದ ಸಿಟ್ಟು ಎಲ್ಲಿಂದ ಬಂತೋ. ಪರದೆ ಹಿಡಿದು ಎಳೆದೆ, ಸರಳು ಸಮೇತ ಕಿತ್ತುಬಂತು. ಶೆಲ್ಫನ್ನು ಕಿತ್ತೆ, ಹುಕ್ಕುಗಳನ್ನು ಕಿತ್ತೆ, ಸ್ಟಿಕ್ಕರನ್ನು ಉಗುರು ಕೊಟ್ಟು ಸುಲಿದೆ. ಮನಿಪ್ಲಾಂಟಿನ ಶೀಸೆ ನೆಲಕ್ಕೆ ಬಿದ್ದು ಪುಡಿಯಾಯಿತು. ಹಂಸಗಳು ಅಂಟು ಮೆತ್ತಿದ ಮುಖ ಹೊತ್ತು ಮತ್ತೆ ಹೊರಬಂದವು. ಅವ್ವ ಅಷ್ಟನ್ನೂ ನಿಂತು ನೋಡಿದಳು.

"ಗಾಜು ಆರಿಸು. ಕಾಲಿಗೆ ಚುಚ್ಚೀತು," ಎಂದು ಹೋಗಿ ಮಲಗಿದಳು.

ಭಾನುವಾರ ಬೆಳಿಗ್ಗೆ ಅಣ್ಣ ಬಸ್ಸಿನಿಂದ ಫೋನು ಮಾಡಿದ, ನೆಲಮಂಗಲ ದಾಟಿದೆ ಎಂದು. ಇನ್ನು ಎಷ್ಟು ಹೊತ್ತು? ಅವ್ವ ಎದ್ದು ಕೂತಿದ್ದಳು, ತುಟಿ ಒಣಗಿತ್ತು, ಕಾಲು ಮಡಿಸಲಾಗದೆ ಚಾಚಿಕೊಂಡಿದ್ದಳು. ಅಣ್ಣನಿಗೆ ಬಾಯಿಬಿಟ್ಟು ಏನನ್ನೂ ಹೇಳಬೇಕಾಗಿರಲಿಲ್ಲ, ಆ ಮುಖ ನೋಡಿದರೆ ಸಾಕಿತ್ತು. ಬ್ಯಾಗು ಎತ್ತಿಕೊಂಡು ನಡಿ ಅನ್ನುತ್ತಾನೆ, ಅವನು ಅಂದರೆ ಅದು ನ್ಯಾಯವೂ ಆಗಿರುತ್ತದೆ. ನನಗೆ ಅಳು ಬಂತು. ಅಳುವುದಕ್ಕಿಂತ ಕೆಳಗೆ ಹೋಗುವುದೇ ವಾಸಿ ಎನ್ನಿಸಿತು.

ಒಡತಿ ಬಾಗಿಲಲ್ಲಿ ಸಾರಿಸಿ ರಂಗೋಲಿ ಇಡುತ್ತಿದ್ದರು. ನಾನು ಪಕ್ಕದಲ್ಲಿ ನಿಂತೆ. ಅವರು ತಲೆ ಎತ್ತಲಿಲ್ಲ, ಚುಕ್ಕಿಗಳನ್ನೆಲ್ಲ ಇಟ್ಟು ಮುಗಿಸಿದರು.

"ಆಂಟಿ, ನಿನ್ನೆ ಹಾಗೆ ಅನ್ನಬಾರದಿತ್ತು. ವಾಪಸ್ ತಗೊಂಡೆ."

"ಊಂ."

"ಅವ್ವ ನಿನ್ನೆಯಿಂದ ಏನೂ ತಿಂದಿಲ್ಲ. ನೀರು ಸಹ ಕುಡಿದಿಲ್ಲ. ಬಚ್ಚಲಿನ ಬೀಗ ತೆಗೀರಿ."

"ನಿನ್ ಮಕ ನೋಡಿ ತೆಗೆಯಾಕಿಲ್ಲ," ಎಂದು ಸೊಂಟದ ಗೊಂಚಲಿಗೆ ಕೈ ಹಾಕಿದರು. "ಆ ಯಮ್ಮ ಹಸ್ಕೊಂಡವ್ಳೆ ಅಂತ ತೆಗೀತೀನಿ. ಓಗು, ಒಲೆ ನೀನೇ ಅಚ್ಚು. ನಿನ್ನೆ ಸೌದೆಯೆಲ್ಲಾ ನೆನೆದೋಗೈತೆ ನಿನ್ ದೆಸೆಯಿಂದ."

ನೆನೆದ ಸೌದೆಯ ಒಲೆ ಹಚ್ಚಿದವರಿಗೆ ಗೊತ್ತು ಅದೆಂಥ ಶಿಕ್ಷೆ ಎಂದು. ತೆಂಗಿನ ಗರಿ, ಚಿಪ್ಪು, ಹಳೇ ಪೇಪರು ಎಲ್ಲ ತುರುಕಿ ಊದಿದೆ. ಕಣ್ಣು ಮೂಗಿನಲ್ಲೆಲ್ಲ ನೀರು. ಕಂಪನಿಯಲ್ಲಿ ಒಂದು ಕೂದಲು ಉದುರಿದರೆ ಬ್ಯಾಚನ್ನೇ ತಡೆಹಿಡಿಯುವವಳು ಮೈಯೆಲ್ಲ ಬೂದಿಯಾಗಿ ಕುಕ್ಕರಗಾಲಲ್ಲಿ ಕೂತಿದ್ದೆ. ಒಡತಿ ಅವ್ವನನ್ನು ತಾವೇ ಹೋಗಿ ಕರೆತಂದರು. ನಾನು ಚೊಂಬಿಗೆ ಕೈ ಹಾಕಿದರೆ ಕಿತ್ತುಕೊಂಡರು.

"ಬುಡು. ನಿಂಗೆ ಬರಾಕಿಲ್ಲ. ನೀನು ಉರಿ ನೋಡ್ಕೋ."

ಅವರಿಬ್ಬರೂ ತಗ್ಗಿದ ದನಿಯಲ್ಲಿ ಏನೋ ಮಾತಾಡಿಕೊಂಡರು, ಹೊಗೆಯಲ್ಲಿ ಕೆಮ್ಮುತ್ತಿದ್ದ ನನಗೆ ಕೇಳಿಸಲಿಲ್ಲ. ಕೇಳಿಸದ್ದೇ ಒಳ್ಳೆಯದಾಯಿತು, ನನ್ನ ವಿಚಾರವೇ ಇದ್ದೀತು.

ಅಣ್ಣ ಬಂದಾಗ ಅವ್ವ ಪೂಜೆ ಮುಗಿಸಿ ಉಪ್ಪಿಟ್ಟು ತಿನ್ನುತ್ತಿದ್ದಳು. ಅವನು ಕೈಕಾಲು ತೊಳೆಯಲು ಬಾತ್‌ರೂಮಿಗೆ ಹೋದ. ಹೋದವನು ಕಾಲು ತೊಳೆಯದೆ ಹೊರಗೆ ಬಂದ.

"ಏನಿದು? ಪರದೆ ಎಲ್ಲೈತಿ? ಫೋಟೋದಾಗ ಏನೇನೋ ಇತ್ತಲ್ಲ? ಗೋಡಿಗೆಲ್ಲಾ ಅಂಟು ಬಡದೈತಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಹೇಳಿದಳು, "ನಾನ ತಗಸೀನಿ. ನನಗ ಅಡ್ಡ ಬರತಿತ್ತು."

"ಹಂಗಾರ ಜಳಕ?"

"ದಿನಾ ಆಗತೈತಿ. ಹಂಡೇದ ನೀರು, ಬೆನ್ನು ತಿಕ್ಕಾಕ ಮಂದಿ. ನಿನ್ನ ಮನ್ಯಾಗೂ ಇಷ್ಟು ಛಲೋ ಆಗಿದ್ದಿಲ್ಲ."

ಅಣ್ಣನಿಗೆ ಅರ್ಥವಾಗಲಿಲ್ಲ. ಅಂಟು ಬಳಿದ ಹಂಸಗಳನ್ನು ನೋಡಿದ, ಬೂದಿ ಬಡಿದ ನನ್ನ ತಲೆ ನೋಡಿದ, ಬಾತುಕೊಂಡ ಅವ್ವನ ಕಾಲು ನೋಡಿದ. ಬುದ್ಧಿವಂತ, ಇಲ್ಲೇನೋ ರಾದ್ಧಾಂತ ನಡೆದಿದೆ ಎಂದು ಮೂಸಿದ. ಅವ್ವನ ಪಕ್ಕ ಕೂತು ದನಿ ತಗ್ಗಿಸಿದ. ನನಗೆ ಕೇಳಬಾರದು ಎಂದಿದ್ದರೆ ಆ ಮನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

"ಇಕಿ ನಿನ್ನ ಜೋಡಿ ಜಗಳಾ ಆಡತಾಳ, ಹೌದಿಲ್ಲೋ? ನಡಿ, ಹೋಗೂಣು. ಮಗಳ ಮನ್ಯಾಗ ಎಷ್ಟು ದಿನ ಅಂತ ಇರತಿ?"

ಅವ್ವ ತಟ್ಟೆಯ ತಳ ಬಳಿದು ತಿಂದಳು. ಮಾತ್ರೆ ನುಂಗಿ ನೀರು ಕುಡಿದಳು. ನಾನು ಒಲೆಯ ಮುಂದೆ ಬೆನ್ನು ತಿರುಗಿಸಿ ನಿಂತು ಚಹಾ ಸೋಸುತ್ತಿದ್ದೆ. ಕಿವಿ ಅತ್ತಲೇ ಇದ್ದು ಅರ್ಧ ಚಹಾ ಕಟ್ಟೆಯ ಮೇಲೆ ಚೆಲ್ಲಿತು.

"ಇಕಿಗೆ ಬ್ಯಾಸರಾಗೂತನಾ ಇರತೀನಿ," ಎಂದಳು ಅವ್ವ. "ನಿನ್ನ ಮನ್ಯಾಗ ಯಾರೂ ನನಗ ಬೈದಿಲ್ಲಪ್ಪಾ, ಖರೇ. ಆದ್ರ ನಾ ಕೋಲು ಊರಿಕೊಂಡು ಎದುರಿಗೆ ಬಂದ್ರ ಎಲ್ಲಾರೂ ಉಸ್ಸಂತ ಉಸಿರು ಬಿಡತಿದ್ರಿ. ಇಕಿಗೆ ಬರೇ ಸಿಟ್ಟು ಬರತೈತಿ. ಬ್ಯಾಸರಾ ಬರೂದಿಲ್ಲ."